ಪರವಾಗಿಲ್ಲ ಅಂದರೆ ಎಷ್ಟು ಮಾರ್ಕ್ಸು

ನಾನು ಕಂಪನಿಗಳ ಒಳ್ಳೆಯತನಕ್ಕೆ ಮಾರ್ಕ್ಸ್ ಹಾಕುತ್ತಿದ್ದೆ. ಹೀಗೆ ಹೇಳಿದರೆ ಜನ ನಗುತ್ತಾರೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಇದಕ್ಕಿಂತ ಮೂರು ಪಟ್ಟು ಉದ್ದದ ಹೆಸರಿತ್ತು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ದುಡಿಯುವವರ ನಿವೃತ್ತಿಯ ಹಣವನ್ನು ನೋಡಿಕೊಳ್ಳುವ ಫಂಡುಗಳು ಒಂದು ಕಂಪನಿಯ ಷೇರು ಕೊಳ್ಳುವ ಮೊದಲು ನಮ್ಮನ್ನು ಕೇಳುತ್ತಿದ್ದವು: ಇವರು ನೀರು, ಗಾಳಿ, ಮಣ್ಣನ್ನು ಹೇಗೆ ನೋಡಿಕೊಳ್ಳುತ್ತಾರೆ? ಕೆಲಸಗಾರರನ್ನು, ಸುತ್ತಲಿನ ಜನರನ್ನು? ಆಡಳಿತ ನೆಟ್ಟಗಿದೆಯೇ? ನಾವು ವರದಿಗಳನ್ನು ಓದಿ, ನಾಲ್ಕು ಜನರನ್ನು ವಿಚಾರಿಸಿ, ನೂರಕ್ಕೆ ಇಷ್ಟು ಎಂದು ಬರೆದುಕೊಡುತ್ತಿದ್ದೆವು.

ಈಗ ಈ ಕೆಲಸಕ್ಕೆ ಡಿಗ್ರಿ ಬಂದಿದೆ. ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕನ್ನಡದ ಮಕ್ಕಳು ರಜೆಗೆ ಪರ್ತ್‌ಗೆ ಬಂದಾಗ ಜೂಂಡಲಪ್‌ನ ನಮ್ಮ ಮನೆಗೂ ಬರುತ್ತಾರೆ, ಕೆಲಸ ನಿಜಕ್ಕೂ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳುವಾಗ ನಾನು ಸ್ವಲ್ಪ ಹೆಚ್ಚು ಜಾಣೆಯಾಗಿರುತ್ತೇನೆ ಅಷ್ಟೆ. ಬರೆಯಲು ಕೂತಾಗ ಹಳೆಯ ನೋಟ್‌ಬುಕ್‌ಗಳನ್ನು ತೆಗೆದೆ, ಅವು ನನ್ನ ನೆನಪಿನ ಜೊತೆ ಜಗಳಕ್ಕೆ ನಿಂತವು. ಜಗಳ ಎದ್ದ ಕಡೆ ಎರಡನ್ನೂ ಬರೆದು ಬಿಟ್ಟಿದ್ದೇನೆ. ತೀರ್ಪು ಕೊಟ್ಟಿಲ್ಲ. ಅದನ್ನು ಕೊಟ್ಟು ಕೊಟ್ಟು ಸಾಕಾಗಿದೆ.

ಅಡಿಲೇಡ್‌ನಲ್ಲಿ ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ಬಾಟಲಿಯಲ್ಲಿ ನೀರು ಬರುತ್ತಿತ್ತು, ಅದರಲ್ಲಿ ಏನಿದೆ ಎಂದು ಹೇಳಿ ಕಳಿಸುತ್ತಿದ್ದೆ. ಬಾಟಲಿಗಳು ಸುಳ್ಳು ಹೇಳುತ್ತಿರಲಿಲ್ಲ. ಅಲ್ಲಿಂದ ಈ ಮಾರ್ಕ್ಸ್ ಹಾಕುವ ಕಚೇರಿಗೆ ಸೇರಿದೆ. ಮೊದಲ ಕೇಸು ಊರಾಚೆ ಟೊಮ್ಯಾಟೊ ಸಾಸ್ ಮಾಡುತ್ತಿದ್ದ ಒಂದು ಕುಟುಂಬದ ಕಂಪನಿ. ಮಾಲೀಕ ಕಾನ್ ಎಂಬ ಗ್ರೀಕ್ ಮೂಲದ ಮುದುಕ. ಅವನ ಮುಂದೆ ಕೂತು ಪ್ರಶ್ನಾವಳಿ ಓದಿದೆ: ಬಲವಂತದ ದುಡಿಮೆಯ ವಿರುದ್ಧ ನಿಮ್ಮ ಲಿಖಿತ ನೀತಿ ಏನು? ನಮ್ಮಲ್ಲಿ ಬಲವಂತಕ್ಕೆ ದುಡಿಯುವವಳು ನನ್ನ ಹೆಂಡತಿ ಒಬ್ಬಳೇ, ಅವಳಿಗೆ ಓದಲು ಪುರುಸೊತ್ತಿಲ್ಲ ಎಂದ. ಕೆಲಸದವರಿಗೆ ಹೊಡೆಯುವುದಿಲ್ಲ ಎಂದು ನಾನು ಬರೆದಿಡಬೇಕೇ, ಬರೆದಿಟ್ಟರೆ ಅವರಿಗೆ ಅನುಮಾನ ಬರುವುದಿಲ್ಲವೇ ಎಂದು ಕೇಳಿದ. ನಾನು "ನೀತಿ: ಇಲ್ಲ" ಎಂದು ಬರೆದು ಸೊನ್ನೆ ಹಾಕಿದೆ. ಅದೇ ವಾರ ಇನ್ನೊಂದು ದೊಡ್ಡ ಕಂಪನಿಯ ಕಡತ ಬಂತು. ಅವರ ಕಾರ್ಖಾನೆಯ ಕೆಳಗಿನ ತೊರೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಆದರೆ ಅವರ ಜಲನೀತಿ ಗಟ್ಟಿ ರಟ್ಟಿನ ಪುಸ್ತಕವಾಗಿತ್ತು. ನೀರಿನ ವಿಭಾಗದಲ್ಲಿ ಪೂರ್ತಿ ಮಾರ್ಕ್ಸ್ ಹೋಯಿತು. ಪ್ರಶ್ನಾವಳಿ ಕೇಳಿದ್ದು ನೀತಿ ಇದೆಯೇ ಎಂದು, ಮೀನು ಇದೆಯೇ ಎಂದಲ್ಲ.

ಕಾನ್ ಹೆಂಡತಿಯ ಬಗ್ಗೆ ಆಡಿದ ಮಾತು ನನ್ನ ನೋಟ್‌ಬುಕ್‌ನಲ್ಲಿ ಇಲ್ಲ. ನಾನೇ ಸೇರಿಸಿರಬಹುದು. ಅಷ್ಟು ಮನೆಗಳ ಊಟದಲ್ಲಿ ಹೇಳಿ ನಗಿಸಿದ ಮೇಲೆ ಈಗ ಅದನ್ನು ಕೀಳಲು ಆಗುವುದಿಲ್ಲ.

ಆಮೇಲೆ ಬ್ರಿಸ್ಬೇನ್. ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕಿನಲ್ಲಿ ನಮ್ಮ ಮುಖ್ಯ ಕಚೇರಿ. ಅಲ್ಲಿ ಟ್ರೆವರ್ ನನ್ನ ಬಾಸ್. ಕಚೇರಿಯಲ್ಲಿ ಹೆಸರು ಹಿಡಿದೇ ಕರೆಯುತ್ತಿದ್ದರೂ ಮನೆಗೆ ಬಂದು ನನ್ನ ಗಂಡ ಮೋಹನನ ಹತ್ತಿರ "ಟ್ರೆವರ್ ಹಿಂಗಂದ್ರು" ಎಂದೇ ಹೇಳುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ, ಏಕವಚನ ಸಾಕು. ಟ್ರೆವರ್ ಕೆಟ್ಟವನಲ್ಲ. ಅವನಿಗೆ ಒಂದೇ ಒಂದು ಶಬ್ದ ಗೊತ್ತಿತ್ತು, ಅದರಿಂದ ಇಡೀ ಜೀವನ ನಡೆಸಿದ. ಆ ಶಬ್ದ "ಮೆಟೀರಿಯಲ್". ನನಗೆ ಮೆಟೀರಿಯಲ್ ಎಂದರೆ ಗೊತ್ತಿದ್ದದ್ದು ಬ್ಲೌಸ್ ಪೀಸ್. ಟ್ರೆವರ್‌ಗೆ ಅದು ಹೂಡಿಕೆದಾರನ ಲಾಭವನ್ನು ಮುಟ್ಟುವ ಸಂಗತಿ. ಒಂದು ನದಿ ಬತ್ತಿದರೆ ಅದು ಮೆಟೀರಿಯಲ್ ಅಲ್ಲ. ನದಿ ಬತ್ತಿದ ಫೋಟೊ ಪತ್ರಿಕೆಯಲ್ಲಿ ಬಂದರೆ ಮೆಟೀರಿಯಲ್. ನಾನು ಆ ನದಿಯ ದಡದ ಜನರ ಬಗ್ಗೆ ಎರಡು ಪುಟ ಬರೆದುಕೊಟ್ಟಾಗ ಟ್ರೆವರ್ ಓದಿ, ತುಂಬ ಮನಸ್ಸಿಗೆ ತಟ್ಟಿತು ಎಂದು ಹೇಳಿ, ತೆಗೆದುಹಾಕಿದ.

ವಿಧಾನಗಳು ಬದಲಾದದ್ದೂ ಅಲ್ಲಿಯೇ. ಮೊದಲು ಹೋಗಿ ನೋಡುತ್ತಿದ್ದೆವು. ಆಮೇಲೆ ಪ್ರಶ್ನಾವಳಿ ಕಳಿಸತೊಡಗಿದೆವು. ಆಮೇಲೆ ಕಂಪನಿಗಳ ವಾರ್ಷಿಕ ವರದಿ ಓದಿ ಒಳ್ಳೆಯ ಶಬ್ದಗಳನ್ನು ಎಣಿಸುವ ಸಾಫ್ಟ್‌ವೇರ್ ಬಂತು. ಒಂದು ಸಿಮೆಂಟ್ ಕಂಪನಿ ತನ್ನ ಲಾಭ ಸುಸ್ಥಿರವಾಗಿದೆ ಎಂದು ಪುಟಪುಟದಲ್ಲೂ ಬರೆದಿತ್ತು. ಸಾಫ್ಟ್‌ವೇರ್ ಅದನ್ನು ಪರಿಸರಪ್ರೇಮಿ ಎಂದು ತಿಳಿದು ಮಾರ್ಕ್ಸ್ ಸುರಿಯಿತು. ಕಂಪನಿಗಳು ಕಲಿತುಕೊಂಡವು. ನಾನು ಬಿಡುವ ಹೊತ್ತಿಗೆ ಅವರ ವರದಿಯನ್ನು ಅವರ ಯಂತ್ರ ಬರೆಯುತ್ತಿತ್ತು, ಅದನ್ನು ನಮ್ಮ ಯಂತ್ರ ಓದುತ್ತಿತ್ತು. ಮನುಷ್ಯರು ಮಧ್ಯದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು.

ಇವೆಲ್ಲ ನಗುವಂಥವು. ನಾನು ಹೇಳಬೇಕೆಂದು ಕೂತದ್ದು ಪರ್ತ್‌ನಲ್ಲಿ ನನ್ನ ಕೈಯಿಂದಲೇ ಆದ ತಪ್ಪಿನ ವಿಷಯ.

ಪರ್ತ್‌ಗೆ ನನ್ನನ್ನು ಕಳಿಸಿದ್ದು ಗಣಿ ಕಂಪನಿಗಳನ್ನು ನೋಡಲು. ಇಲ್ಲಿನ ಗಣಿಗಳಲ್ಲಿ ನಮ್ಮ ಕಡೆಯ ಎಂಜಿನಿಯರುಗಳು, ಭೂವಿಜ್ಞಾನಿಗಳು ಬೇಕಾದಷ್ಟು ಜನ ಇದ್ದಾರೆ. ಟ್ರೆವರ್‌ಗೆ ಇದು ತಿಳಿದದ್ದೇ ತಡ, ನನಗೆ "ಆಳವಾದ ಸ್ಥಳೀಯ ಸಂಪರ್ಕ" ಇದೆ ಎಂದು ಫಂಡುಗಳಿಗೆ ಹೇಳತೊಡಗಿದ. ಆ ಸಂಪರ್ಕ ಎಂದರೆ ಕನ್ನಡ ಸಂಘದ ಪಿಕ್ನಿಕ್.

ಒಂದು ಭಾನುವಾರ ಕೆರೆಯ ಪಕ್ಕದ ಪಾರ್ಕಿನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ. ಅಲ್ಲಿನ ಕಾವಲಿಗಳ ಮೇಲೆ ನಮ್ಮವರು ಪನೀರ್, ಮೆಕ್ಕೆಜೋಳ ಸುಡುತ್ತಿದ್ದರು. ನಾನು ದೊಡ್ಡ ಡಬ್ಬಿಯಲ್ಲಿ ಬಿಸಿಬೇಳೆಬಾತ್ ಒಯ್ದಿದ್ದೆ. ಅಲ್ಲಿ ಸಿಕ್ಕವನು ಪ್ರಸನ್ನ. ಮೈಸೂರಿನವನು, ಭೂವಿಜ್ಞಾನಿ, ಮೂವತ್ತೊಂದೋ ಮೂವತ್ತೆರಡೋ. ಎರಡು ವಾರ ಗಣಿಯಲ್ಲಿ, ಒಂದು ವಾರ ಹೆಂಡತಿ ಮಗಳ ಜೊತೆ ಮನೆಯಲ್ಲಿ. ಅವನ ಕಂಪನಿಯ ಕಡತ ಆಗ ನನ್ನ ಮೇಜಿನ ಮೇಲಿತ್ತು. ಗಣಿಯಲ್ಲಿ ಅದಿರು ತೊಳೆದ ಕೆಸರನ್ನು ನಿಲ್ಲಿಸುವ ದೊಡ್ಡ ಕಟ್ಟೆ ಇರುತ್ತದೆ, ಅವರು ಡ್ಯಾಮ್ ಎನ್ನುತ್ತಾರೆ. ಆ ಕೆಸರಿನ ವಿಷ ನೆಲದೊಳಗಿನ ನೀರಿಗೆ ಇಳಿದರೆ ಸುತ್ತಲಿನ ಕುರಿಗಾಹಿಗಳ ಬಾವಿ ಕೆಡುತ್ತದೆ. ಹಾಗಾಗಿ ನಾನು ಕೇಳಿದೆ: ನಿಮ್ಮ ಡ್ಯಾಮ್ ಹೇಗಿದೆಯಪ್ಪ, ನೀರು ಗೀರು ಸೋರ್ತಾ ಇಲ್ಲ ತಾನೆ?

"ಪರವಾಗಿಲ್ಲ ಆಂಟಿ" ಅಂದ.

ಸೋಮವಾರ ಕಡತದಲ್ಲಿ ಬರೆದೆ: "ಸ್ಥಳದ ತಾಂತ್ರಿಕ ಸಿಬ್ಬಂದಿಯ ಪ್ರಕಾರ ಸ್ಥಿತಿ ತೃಪ್ತಿಕರ." ನೀರಿಗೆ ಹತ್ತಕ್ಕೆ ಎಂಟು. ನಿಯಮದಂತೆ ಒಂದು ಪ್ರತಿ ಕಂಪನಿಗೂ ಹೋಯಿತು.

ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಇಂಥ ತಪ್ಪು ಮಾಡಬಾರದಿತ್ತು. ಹುಡುಗಿ ನೋಡಿ ಬಂದವರನ್ನು ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ, ಅಂದರೆ ಒಪ್ಪಿಗೆ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರು "ಪರವಾಗಿಲ್ಲ" ಎನ್ನುತ್ತಾರೆ, ಅಂದರೆ ನೋಯುತ್ತಿದೆ. ಆಸ್ಪತ್ರೆಯಿಂದ ಬಂದವರು "ಈಗ ಪರವಾಗಿಲ್ಲ" ಎಂದರೆ ಮೊನ್ನೆ ಹೋಗಿಯೇಬಿಟ್ಟಿದ್ದರು ಎಂದರ್ಥ. ಪಂಕ್ತಿಯಲ್ಲಿ ಬಡಿಸುವವರಿಗೆ "ಪರವಾಗಿಲ್ಲ" ಎಂದರೆ ಬೇಡ, ಇನ್ನೊಮ್ಮೆ ಒತ್ತಾಯ ಮಾಡಿದರೆ ಬೇಕು. ಈ ಶಬ್ದವನ್ನು ನಾನು "ತೃಪ್ತಿಕರ" ಎಂದು ಬರೆದು ಎಂಟು ಮಾರ್ಕ್ಸ್ ಹಾಕಿದೆ.

ಮೂರು ವಾರದ ನಂತರ ಒಂದು ಮಧ್ಯಾಹ್ನ ಪ್ರಸನ್ನ ಫೋನು ಕೂಡ ಮಾಡದೆ ಮನೆಗೆ ಬಂದ. ಶೂ ಬಿಚ್ಚಿ ಬಾಗಿಲ ಹತ್ತಿರವೇ ನಿಂತ. ಗಣಿಯಲ್ಲಿ ಬೆಳಗಿನ ಸಭೆಯಲ್ಲಿ ಮ್ಯಾನೇಜರ್ ಎಲ್ಲರನ್ನೂ ಅಭಿನಂದಿಸಿದನಂತೆ: ನಮ್ಮ ಸಿಬ್ಬಂದಿಗೆ ನಮ್ಮ ಡ್ಯಾಮಿನ ಬಗ್ಗೆ ಎಷ್ಟು ಭರವಸೆ ಎಂದರೆ ಹೂಡಿಕೆದಾರರ ಕಡತದಲ್ಲೇ ಅದು ದಾಖಲಾಗಿದೆ ಎಂದು. ಪ್ರಸನ್ನನಿಗೆ ಆ ಸಿಬ್ಬಂದಿ ಯಾರು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಆಂಟಿ, ನಾನು ಪರವಾಗಿಲ್ಲ ಅಂದಿದ್ದು ಡ್ಯಾಮ್‌ಗಲ್ಲ. ನೀವು ಸೌಟು ಹಿಡ್ಕೊಂಡು ಇನ್ನೊಂದ್ ಚೂರು ಹಾಕ್ಲಾ ಅಂದ್ರಲ್ಲ, ಅದಕ್ಕೆ."

"ನಾನು ಡ್ಯಾಮ್ ಕೇಳಿದ್ದೆ ಕಣಪ್ಪ."

"ಎರಡೂ ಒಟ್ಟಿಗೇ ಕೇಳಿದ್ರಿ. ನಾನು ಬಿಸಿಬೇಳೆಬಾತ್‌ಗೆ ಉತ್ತರ ಕೊಟ್ಟೆ."

ಹಾಗಾದರೆ ಡ್ಯಾಮ್ ಹೇಗಿದೆ ಎಂದು ಈ ಸಲ ಕೈಯಲ್ಲಿ ಏನೂ ಇಲ್ಲದೆ ಕೇಳಿದೆ. ಅವನು ಕೂತುಕೊಂಡ. ನೆಲದ ನೀರು ಕೆಟ್ಟಿದೆಯೇ ಎಂದು ನೋಡಲು ಡ್ಯಾಮಿನ ಸುತ್ತ ಬೋರುಗಳನ್ನು ಕೊರೆದಿರುತ್ತಾರೆ, ಪ್ರತಿ ತಿಂಗಳೂ ಅವುಗಳ ನೀರೆತ್ತಿ ಪರೀಕ್ಷಿಸಿ ವರದಿಯಲ್ಲಿ ಬರೆಯಬೇಕು. ಮೂರನೇ ಬೋರು ಪಕ್ಕದ ಕುರಿ ಫಾರ್ಮಿನ ಬೇಲಿಯ ಹತ್ತಿರ ಇದೆ. ಅದನ್ನು ತೆರೆಯುವುದನ್ನೇ ಬಿಟ್ಟಿದ್ದಾರೆ, ಹಳೆಯ ಅಂಕಿಯನ್ನೇ ಸ್ವಲ್ಪ ಆಚೀಚೆ ಮಾಡಿ ಬರೆಯುತ್ತಾರೆ ಎಂದ. ಬರೆಯುವವನು ಅವನಲ್ಲ, ಆದರೆ ಅವನಿಗೆ ಗೊತ್ತು.

"ಇಲ್ಲೇ ಖಾಯಂ ಇರೋಕೆ ಬೇಕಾದ ಪಿ.ಆರ್. ಇನ್ನೂ ಕಂಪನಿ ಕೈಲಿದೆ ಆಂಟಿ. ಈ ವರ್ಷ ನಾಮಿನೇಟ್ ಮಾಡ್ತೀವಿ ಅಂದಿದಾರೆ. ನನ್ನ ಹೆಸರು ಬಂದ್ರೆ ವೀಸಾನೂ ಇಲ್ಲ, ಕೆಲ್ಸಾನೂ ಇಲ್ಲ. ನೀವು ಮಾರ್ಕ್ಸ್ ಸರಿ ಮಾಡಿ, ನನ್ನನ್ನ ಬಿಟ್ಬಿಡಿ."

ಎರಡೂ ನ್ಯಾಯವಾದ ಕೋರಿಕೆ. ಎರಡೂ ಒಟ್ಟಿಗೆ ಆಗುವಂಥವಲ್ಲ. ಆ ಗಣಿಯಲ್ಲಿ ಇದ್ದ ಕನ್ನಡದ ಭೂವಿಜ್ಞಾನಿ ಒಬ್ಬನೇ. ಎಂಟನ್ನು ಇಳಿಸಿದರೆ ಯಾರ ಮಾತಿನ ಮೇಲೆ ಎಂದು ಕೇಳುತ್ತಾರೆ. ಇಳಿಸದಿದ್ದರೆ ಬೇಲಿಯಾಚೆಯ ನೀರು ಏನಾದರೂ ಆಗಲಿ, ಕಾಗದದ ಮೇಲೆ ಅದು ತೃಪ್ತಿಕರ, ಕೆಳಗೆ ನನ್ನ ಸಹಿ.

ಸೌಟಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನನ್ನ ನೆನಪಿನಲ್ಲಿ ನನ್ನ ಕೈಯಲ್ಲಿ ಪ್ಲಾಸ್ಟಿಕ್ ಲೋಟವಿತ್ತು. ಮೋಹನ ಆ ದಿನ ನಾನು ಒಯ್ದದ್ದು ಬಿಸಿಬೇಳೆಬಾತೇ ಅಲ್ಲ, ಪುಳಿಯೋಗರೆ ಎನ್ನುತ್ತಾನೆ. ಪ್ರಸನ್ನ ಅಂದು ಡ್ಯಾಮಿಗೇ ಉತ್ತರ ಕೊಟ್ಟು, ಆಮೇಲೆ ಹೆದರಿ ಸೌಟನ್ನು ಸೃಷ್ಟಿಸಿರಬಹುದು. ನಾನು ತಪ್ಪಿಸಿಕೊಳ್ಳಲು ಸೌಟನ್ನು ಮರೆತಿರಬಹುದು. ನೋಟ್‌ಬುಕ್‌ನಲ್ಲಿ ಒಂದೇ ಶಬ್ದವಿದೆ, ಅದರ ಕೆಳಗೆ ಎರಡು ಗೆರೆ.

ಟ್ರೆವರ್‌ಗೆ ಫೋನ್ ಮಾಡಿ ಮಾರ್ಕ್ಸ್ ಬದಲಿಸಬೇಕು ಎಂದೆ. ಬದಲಿಸಬಹುದು, ಆದರೆ ಕಾರಣದ ಕಾಲಂ ಭರ್ತಿ ಮಾಡಬೇಕು ಎಂದ. ಆ ಕಾಲಂನಲ್ಲಿ ನಾಲ್ಕು ಆಯ್ಕೆಗಳಿದ್ದವು. ಅಡುಗೆ ಬಡಿಸುತ್ತಿದ್ದಾಗ ತಪ್ಪಾಗಿ ಕೇಳಿಸಿತು ಎಂಬುದು ಅವುಗಳಲ್ಲಿ ಇರಲಿಲ್ಲ. ಉಳಿದದ್ದು "ಸ್ಥಳ ಪರಿಶೀಲನೆ". ನಾನೇ ಹೋಗಿ ನನ್ನ ಕಣ್ಣಿಂದ ನೋಡಿದರೆ ಪ್ರಸನ್ನನ ಹೆಸರು ಬೇಕಾಗುವುದಿಲ್ಲ. ಹೋಗುತ್ತೇನೆ ಎಂದೆ. ಟ್ರೆವರ್‌ಗೆ ಆಶ್ಚರ್ಯವಾಯಿತು. ನಾವು ಇನ್ನೂ ಹೋಗುತ್ತೇವೆಯೇ ಎಂದು ಕೇಳಿದ.

ಸಣ್ಣ ವಿಮಾನದಲ್ಲಿ ಕರೆದುಕೊಂಡು ಹೋದರು. ಅಲ್ಲಿ ನನ್ನನ್ನು ಎದುರುಗೊಂಡವನು ಕ್ರೇಗ್, ಕಂಪನಿಯ ಸುಸ್ಥಿರತಾ ಮ್ಯಾನೇಜರ್. ಹೊಳೆಯುವ ಕೇಸರಿ ಜಾಕೆಟ್, ಹೆಲ್ಮೆಟ್, ಬೂಟು ಹಾಕಿಸಿದ. ಬೂಟು ನನ್ನ ಕಾಲಿಗಿಂತ ಎರಡು ಸೈಜು ದೊಡ್ಡದು. ಬೆಳಗ್ಗೆಯೆಲ್ಲ ಗಿಡಗಳನ್ನು ತೋರಿಸಿದ. ಒಂದೊಂದು ಗಿಡದ ಮುಂದೆಯೂ ನೆಟ್ಟವರ ಹೆಸರಿನ ಫಲಕ. ಹಲವು ಕಡೆ ಫಲಕ ಗಿಡಕ್ಕಿಂತ ಎತ್ತರವಾಗಿತ್ತು, ಎರಡು ಕಡೆ ಫಲಕ ಮಾತ್ರ ಬದುಕಿತ್ತು. ಆಮೇಲೆ ಡ್ಯಾಮ್ ತೋರಿಸಲು ಒಬ್ಬ ಭೂವಿಜ್ಞಾನಿಯನ್ನು ಕರೆಸಿದ. ಪ್ರಸನ್ನ ಬಂದು ಕೈ ಕುಲುಕಿ, ನೈಸ್ ಟು ಮೀಟ್ ಯೂ ಮ್ಯಾಮ್ ಎಂದ. ನಾನೂ ಹಾಗೇ ಎಂದೆ.

ಕಟ್ಟೆಯ ಮೇಲೆ ನಿಂತು ಅವನು ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಕ್ರೇಗ್ ಹಿಂದಿನ ತಿಂಗಳಷ್ಟೇ ಸಾಂಸ್ಕೃತಿಕ ವೈವಿಧ್ಯದ ತರಬೇತಿ ಮುಗಿಸಿದ್ದನಂತೆ. ಉದಾರವಾಗಿ ನಕ್ಕು, ನಿಮ್ಮದೇ ಭಾಷೆಯಲ್ಲಿ ಮಾತಾಡಿಕೊಳ್ಳಿ ಮೇಟ್, ನನ್ನ ಅಡ್ಡಿಯಿಲ್ಲ ಎಂದ. ಪ್ರಸನ್ನ ದೂರಕ್ಕೆ ಕೈ ತೋರಿಸುತ್ತ, ಟೂರಿಸ್ಟ್ ಗೈಡಿನಂತೆ ನಗುಮುಖ ಮಾಡಿಕೊಂಡು ಕನ್ನಡದಲ್ಲಿ ಹೇಳಿದ:

"ಆಂಟಿ, ನಗ್ತಾನೇ ಕೇಳಿಸ್ಕೊಳ್ಳಿ. ಬೇಲಿ ಹತ್ರ ಬಿಳಿ ಪೈಪ್ ಕಾಣ್ತಿದ್ಯಲ್ಲ, ಅದೇ ಮೂರನೇದು. ನೋಡ್ಬೇಕು ಅಂತ ನೀವಾಗೇ ಕೇಳಿ. ನಾನು ಬೇಡ ಅಂತೀನಿ. ನನ್ನ ಮಾತು ಕೇಳ್ಬೇಡಿ."

ನಾನು ಬೇಕಾದ್ದಕ್ಕಿಂತ ಜೋರಾಗಿ ನಕ್ಕೆ. ಏನು ಜೋಕು ಎಂದು ಕ್ರೇಗ್ ಕೇಳಿದ. ನಿಮ್ಮ ಗಿಡಗಳನ್ನು ಹೊಗಳುತ್ತಿದ್ದಾನೆ ಎಂದೆ. ಐದು ನಿಮಿಷ ಬಿಟ್ಟು, ಆ ಬಿಳಿ ಪೈಪು ಏನು, ಹತ್ತಿರದಿಂದ ನೋಡಬಹುದೇ ಎಂದು ಕೇಳಿದೆ. ಪ್ರಸನ್ನ ತಕ್ಷಣ, ಬಿಸಿಲು ಜಾಸ್ತಿ ಮ್ಯಾಮ್, ಅಲ್ಲಿ ಹಾವುಗಳಿವೆ ಎಂದ. ಕ್ರೇಗ್ ವಿಮಾನಕ್ಕೆ ಹೊತ್ತಾಗುತ್ತದೆ ಎಂದ. ನಾನು ಆಗಲೇ ಇಳಿಯತೊಡಗಿದ್ದೆ. ದೊಡ್ಡ ಬೂಟುಗಳು ಲೊಟಲೊಟ ಸದ್ದು ಮಾಡುತ್ತಿದ್ದವು. ಹಿಂದಿನಿಂದ ಪ್ರಸನ್ನ, ಕ್ರೇಗ್‌ಗೆ ಕೇಳಿಸುವಂತೆ, ಇನ್ನೂ ಎರಡು ಸಲ ಹಾವು ಎಂದು ಕೂಗಿದ.

ಪೈಪಿನ ಮುಚ್ಚಳಕ್ಕೆ ಒಂದು ಬೀಗ. ಬೀಗ ಮುಚ್ಚಳದೊಂದಿಗೆ ಸೇರಿ ತುಕ್ಕಿನ ಒಂದೇ ಗಡ್ಡೆಯಾಗಿತ್ತು. ಕ್ರೇಗ್ ಕೀಲಿ ತರಿಸಿದ. ಕೀಲಿ ಒಳಗೇ ಹೋಗಲಿಲ್ಲ. ಆ ಬೋರಿನ ಹಿಂದಿನ ತಿಂಗಳ ಅಂಕಿ ನನ್ನ ಬ್ಯಾಗಿನಲ್ಲಿದ್ದ ವರದಿಯಲ್ಲಿತ್ತು, ದಶಾಂಶದ ನಂತರ ಎರಡು ಸ್ಥಾನದವರೆಗೆ. ನಾನು ಫೋಟೊ ತೆಗೆದೆ. ಕ್ರೇಗ್ ಹಿಂತಿರುಗಿ ಪ್ರಸನ್ನನನ್ನು ನೋಡಿದ. ನಾನು ಹಾವಿನ ವಿಷಯ ಹೇಳಿದ್ದೆನಲ್ಲ ಎಂದು ಪ್ರಸನ್ನ ಭುಜ ಹಾರಿಸಿದ. ಬೇಲಿಯಾಚೆ ಕುರಿಗಳು ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದವು.

ಎಂಟನ್ನು ಎರಡು ಮಾಡಿದೆ. ಕಾರಣದ ಕಾಲಂನಲ್ಲಿ ಸ್ಥಳ ಪರಿಶೀಲನೆ, ಪುರಾವೆಗೆ ತುಕ್ಕಿನ ಫೋಟೊ. ಯಾರ ಹೆಸರೂ ಇಲ್ಲ. ನನ್ನ ವೃತ್ತಿಯಲ್ಲಿ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಅಂಕ ಆ ಎರಡು. ವಾರದ ನಂತರ ಒಟ್ಟು ಫಲಿತಾಂಶ ಬಂತು. ಕಂಪನಿಯ ಸ್ಥಾನ ಅಲ್ಲಾಡಿರಲಿಲ್ಲ. ಅದೇ ತಿಂಗಳು ಅವರು ನಿರ್ದೇಶಕ ಮಂಡಳಿಗೆ ಒಬ್ಬ ಮಹಿಳೆಯನ್ನು ಸೇರಿಸಿಕೊಂಡಿದ್ದರು, ನೀರಿನಲ್ಲಿ ಹೋದದ್ದು ಆಡಳಿತದಲ್ಲಿ ತುಂಬಿಕೊಂಡಿತ್ತು. ಕೂಡಿಸಿ ಭಾಗಿಸುವ ಲೆಕ್ಕದಲ್ಲಿ ಆಕೆ ಆ ಬೋರನ್ನು ಮುಚ್ಚಿಬಿಟ್ಟಿದ್ದರು, ಪಾಪ, ಆಕೆಗೆ ಗೊತ್ತೇ ಇಲ್ಲದೆ. ಫಂಡು ಷೇರು ಕೊಂಡಿತು. ಟ್ರೆವರ್ ಫೋನ್ ಮಾಡಿ, ನೋಡಿದೆಯಾ, ವ್ಯವಸ್ಥೆ ಕೆಲಸ ಮಾಡಿತು ಎಂದ.

ಒಂದು ಕೆಲಸವನ್ನಂತೂ ಅದು ಮಾಡಿತು. ಫಂಡಿನವರು ಕೊಂಡ ಮೇಲೆ ಕಂಪನಿಗೆ ಪತ್ರ ಬರೆದು ಆ ಬೋರಿನ ಬಗ್ಗೆ ವಿವರಣೆ ಕೇಳಿದರು. ಕಂಪನಿ ಗಾಬರಿಯಾಗಿ ಹೊಸ ಮುಚ್ಚಳ ಹಾಕಿಸಿತು, ಪ್ರತಿ ತಿಂಗಳ ಅಂಕಿಗೆ ಸಹಿ ಹಾಕಲು ಒಬ್ಬ ಜವಾಬ್ದಾರ ಅಧಿಕಾರಿಯನ್ನು ನೇಮಿಸಿತು. ಹೂಡಿಕೆದಾರರ ಪ್ರತಿನಿಧಿಗೆ ಹಾವಿನ ಬಗ್ಗೆ ಪದೇ ಪದೇ ಎಚ್ಚರಿಸಿ ಕಂಪನಿಯ ಹಿತ ಕಾಯ್ದವನಿಗಿಂತ ನಂಬಿಕಸ್ಥ ಇನ್ಯಾರು? ಪ್ರಸನ್ನನನ್ನೇ ನೇಮಿಸಿದರು. ಆ ಹುದ್ದೆ ಖಾಯಂ ಆಗಿರಬೇಕು ಎಂಬ ಕಾರಣಕ್ಕೆ ನಾಮಿನೇಷನ್ನನ್ನೂ ಬೇಗ ಹಾಕಿದರು.

ಪಿ.ಆರ್. ಬಂದ ಮಾರನೆಯ ಶನಿವಾರ ಪ್ರಸನ್ನ ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಅಷ್ಟು ಹೊತ್ತಿಗೆ ನಾನು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಕಾಲಿಗೆ ನಮಸ್ಕಾರ ಮಾಡಲು ಬಂದ, ಬೇಡಪ್ಪ ಎಂದು ತಡೆದೆ. ಎಲ್ಲ ಬಿಚ್ಚಿ ನಕ್ಕೆವು. ಕ್ರೇಗ್, ಬೂಟು, ಫಲಕ ಮಾತ್ರ ಬದುಕಿದ ಗಿಡ. ಅವನು ಬೇಲಿಯಾಚೆಯ ಫಾರ್ಮಿನವರ ಪರಿಚಯ ಮಾಡಿಕೊಂಡಿದ್ದ, ಬಹಳ ಒಳ್ಳೆಯ ಜನ ಆಂಟಿ ಎಂದ. ಒಂದು ಗಂಟೆ ಇಡೀ ಮಾತು ಮೈಸೂರು ಕನ್ನಡದಲ್ಲೇ ನಡೆಯಿತು, ಅವನ ಮಗಳು ಮಾತ್ರ ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಬೇಸರ ಹೇಳಿಕೊಳ್ಳುತ್ತಿದ್ದಳು. ಹೊರಡಲು ಎದ್ದಾಗ, ಸುಮ್ಮನೆ ಅಭ್ಯಾಸಬಲದಿಂದ ಕೇಳಿದೆ: ಈಗ ಆ ಮೂರನೇದು ಎಷ್ಟು ತೋರಿಸ್ತಿದೆ?

ಪ್ರಸನ್ನ ಕಾರಿನ ಕೀಲಿ ಹುಡುಕಲು ಜೇಬಿಗೆ ಕೈ ಹಾಕಿದ.

"ಇಟ್ಸ್ ವಿದಿನ್ ಲಿಮಿಟ್ಸ್, ಆಂಟಿ" ಎಂದ.

ಅದನ್ನು ಕನ್ನಡದಲ್ಲಿ ಹೇಳಪ್ಪ ಎಂದು ನಾನು ಕೇಳಬಹುದಿತ್ತು. ಅವನಿಗೆ ಈಗ ಹೆದರಲು ಕಾರಣವೇ ಇರಲಿಲ್ಲ, ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ನಾನು ಅವನ ಮಗಳ ಜಾಕೆಟ್ಟಿನ ಜಿಪ್ ಹಾಕಿದೆ, ಗೇಟಿನವರೆಗೆ ಹೋಗಿ ಕೈ ಬೀಸಿದೆ.